ಅಡುಗೆಮನೆಯ ಲ್ಯಾಟಿನ್, ಕಚೇರಿಯ ಲ್ಯಾಟಿನ್: ಇಂಗ್ಲಿಷಿನ ನಿತ್ಯಪದಗಳ ಚರಿತ್ರೆ

ಬಟ್ಟೆಯನ್ನು ಅಳೆಯುವ ‘ಇಂಚ್’ ಮತ್ತು ಚಿನ್ನವನ್ನು ತೂಗುವ ‘ಔನ್ಸ್’ ಎರಡೂ ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ ಭಾಷೆಯ ‘ಉಂಕಿಯಾ’ ಎಂದರೆ ಹನ್ನೆರಡನೆಯ ಒಂದು ಪಾಲು. ರೋಮನರಲ್ಲಿ ಒಂದು ಅಡಿಗೆ ಹನ್ನೆರಡು ಉಂಕಿಯಾ, ಒಂದು ತೂಕದ ಪೌಂಡಿಗೂ ಹನ್ನೆರಡು ಉಂಕಿಯಾ. ಅಳತೆಯ ಪದ ಇಂಗ್ಲಿಷನ್ನು ಬಹಳ ಹಿಂದೆಯೇ ಸೇರಿ, ಅದರ ನಾಲಿಗೆಯಲ್ಲಿ ತೇದು ‘ಇಂಚ್’ ಆಯಿತು. ತೂಕದ ಪದ ಹಲವು ಶತಮಾನಗಳ ನಂತರ ಫ್ರೆಂಚಿನ ಮೂಲಕ ಬಂದು ‘ಔನ್ಸ್’ ಆಯಿತು. ಇಂದು ಇಂಗ್ಲಿಷ್ ಮಾತನಾಡುವವರಿಗೆ ಇವೆರಡರ ರಕ್ತಸಂಬಂಧ ಕಿವಿಗೆ ಕೇಳಿಸುವುದಿಲ್ಲ.

ಕನ್ನಡದ ವಿದ್ಯಾರ್ಥಿಗೆ ಇದು ಹೊಸ ಸಂಗತಿಯಲ್ಲ. ವರ್ಣವು ‘ಬಣ್ಣ’ವಾಗಿಯೂ ‘ವರ್ಣ’ವಾಗಿಯೂ, ವಸತಿಯು ‘ಬಸದಿ’ಯಾಗಿಯೂ ‘ವಸತಿ’ಯಾಗಿಯೂ ನಮ್ಮಲ್ಲಿ ಅಕ್ಕಪಕ್ಕದಲ್ಲಿಯೇ ಬಾಳುತ್ತಿವೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಆ ಪರಿಭಾಷೆಯಲ್ಲಿ ಹೇಳುವುದಾದರೆ ‘ಇಂಚ್’ ತದ್ಭವ. ‘ಔನ್ಸ್’ ಬಹುಪಾಲು ತತ್ಸಮ. ಇಂಗ್ಲಿಷಿನಲ್ಲಿರುವ ಲ್ಯಾಟಿನ್ ಪದಗಳನ್ನು ಎಣಿಸುವುದಕ್ಕಿಂತ, ಅವು ಯಾವ ಬಾಗಿಲಿನಿಂದ, ಯಾರ ಕೈ ಹಿಡಿದು, ಯಾವ ಕಾಲದಲ್ಲಿ ಒಳಬಂದವು ಎಂದು ಕೇಳುವುದು ಹೆಚ್ಚು ಫಲಪ್ರದ ಎಂಬುದು ಈ ಲೇಖನದ ನಿಲುವು. ಏಕೆಂದರೆ, ಭಾಷೆಗಳ ಅಳಿವು–ಉಳಿವಿನ ನಮ್ಮ ಚರ್ಚೆಗಳಲ್ಲಿ ಒಂದು ಸಮಾಧಾನದ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಇಂಗ್ಲಿಷ್ ಎಲ್ಲ ಕಡೆಯಿಂದಲೂ ಸಾಲ ತಂದಿತು, ಆದ್ದರಿಂದಲೇ ಬೆಳೆಯಿತು. ಇದು ಅರ್ಧ ಸತ್ಯ. ಉಳಿದರ್ಧವನ್ನು ಅದರ ನಿತ್ಯಪದಗಳೇ ಹೇಳುತ್ತವೆ.

ಮೊದಲ ಪದರ ಬ್ರಿಟನ್ನಿನಲ್ಲಿ ಅಲ್ಲ, ಯುರೋಪಿನ ನೆಲದಲ್ಲಿಯೇ ಕೂಡಿಕೊಂಡದ್ದು. ಇಂಗ್ಲಿಷರ ಪೂರ್ವಿಕರಾದ ಜರ್ಮ್ಯಾನಿಕ್ ಬುಡಕಟ್ಟುಗಳು 5ನೆಯ ಶತಮಾನದಲ್ಲಿ ಸಮುದ್ರ ದಾಟುವ ಮೊದಲೇ ರೋಮನ್ ಸಾಮ್ರಾಜ್ಯದ ಸೈನಿಕರೊಡನೆ, ವರ್ತಕರೊಡನೆ ವ್ಯವಹರಿಸಿದ್ದವು. ಅವರು ಕಲಿತ ಪದಗಳೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಹೆಸರುಗಳು. ಕಲ್ಲು ಹಾಸಿದ ದಾರಿ ‘ಸ್ತ್ರಾತಾ’ ಎಂಬುದು ‘ಸ್ಟ್ರೀಟ್’ ಆಯಿತು. ಪಾಳೆಯದ ಸುತ್ತಣ ಕೋಟೆದಿಬ್ಬ ‘ವಲ್ಲುಮ್’ ಎಂಬುದು ‘ವಾಲ್’ ಆಯಿತು. ಸಾವಿರ ಹೆಜ್ಜೆಗಳ ‘ಮಿಲಿಯಾ’ ಎಂಬುದು ‘ಮೈಲ್’ ಆಯಿತು. ‘ವೈನ್’, ‘ಚೀಸ್’, ‘ಬಟರ್’, ‘ಕಿಚನ್’, ‘ಡಿಶ್’ ಇವೂ ಅದೇ ಸಂತೆಯ ಸರಕು. ‘ಚೀಪ್’ ಎಂಬ ಪದದ ಪಯಣವಂತೂ ಸ್ವಾರಸ್ಯಕರ. ಲ್ಯಾಟಿನ್ನಿನಲ್ಲಿ ‘ಕೌಪೋ’ ಎಂದರೆ ಚಿಲ್ಲರೆ ವ್ಯಾಪಾರಿ, ಹೆಂಡದಂಗಡಿಯವನು. ಹಳೆಯ ಇಂಗ್ಲಿಷಿನಲ್ಲಿ ಅದರಿಂದ ಬಂದ ಪದಕ್ಕೆ ವ್ಯಾಪಾರ ಎಂಬ ಅರ್ಥವಿತ್ತು. ಲಂಡನ್ನಿನ ‘ಚೀಪ್‌ಸೈಡ್’ ಎಂಬ ಹಳೆಯ ಪೇಟೆಬೀದಿಯ ಹೆಸರಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ‘ಒಳ್ಳೆಯ ವ್ಯಾಪಾರ’ ಎಂಬ ನುಡಿಗಟ್ಟು ಸವೆದು ಸವೆದು ಅಗ್ಗ ಎಂಬ ಅರ್ಥ ಉಳಿಯಿತು.

ಇವು ಹಳೆಯ ಪದಗಳೆಂದು ನಿರ್ಧರಿಸುವುದು ಹೇಗೆ? ಧ್ವನಿವ್ಯತ್ಯಾಸವೇ ಸಾಕ್ಷಿ. ಹಳೆಯ ಇಂಗ್ಲಿಷ್ ತನ್ನ ಆರಂಭದ ದಿನಗಳಲ್ಲಿ ಒಂದು ಸ್ವರಪಲ್ಲಟಕ್ಕೆ ಒಳಗಾಯಿತು: ಮುಂದಿನ ಅಕ್ಷರದಲ್ಲಿ ಇಕಾರ ಅಥವಾ ಯಕಾರವಿದ್ದರೆ ಹಿಂದಿನ ಸ್ವರವು ಅದರತ್ತ ವಾಲುತ್ತಿತ್ತು. ‘ಫೂಟ್’ ಎಂಬುದರ ಬಹುವಚನ ‘ಫೀಟ್’ ಆದದ್ದು, ‘ಮೌಸ್’ ಎಂಬುದು ‘ಮೈಸ್’ ಆದದ್ದು ಈ ಕಾರಣದಿಂದಲೇ. ‘ಉಂಕಿಯಾ’ದ ಉಕಾರ ‘ಇಂಚ್’ನಲ್ಲಿ ಇಕಾರವಾಗಿರುವುದರಿಂದ ಆ ಪದವು ಈ ಪಲ್ಲಟಕ್ಕೆ ಮೊದಲೇ ಭಾಷೆಯೊಳಗೆ ಕುಳಿತಿತ್ತೆಂದು ತಿಳಿಯುತ್ತದೆ. ‘ಔನ್ಸ್’ಗೆ ಆ ಗುರುತಿಲ್ಲ. ರೋಮಿನ ಜೂನೋ ಮೊನೇತಾ ದೇವಾಲಯದ ಬಳಿ ನಾಣ್ಯದ ಟಂಕಸಾಲೆ ಇದ್ದುದರಿಂದ ‘ಮೊನೇತಾ’ ಎಂಬ ಹೆಸರು ನಾಣ್ಯಕ್ಕೇ ಅಂಟಿಕೊಂಡಿತು. ಅದರ ಹಳೆಯ ತದ್ಭವ ‘ಮಿಂಟ್’, ಫ್ರೆಂಚಿನ ಮೂಲಕ ಬಂದ ಕಿರಿಯ ರೂಪ ‘ಮನಿ’. ಇನ್ನು ‘ಡಿಶ್’ನ ಮೂಲವಾದ ‘ಡಿಸ್ಕುಸ್’ ಎಂಬ ಒಂದೇ ಪದ ಐದು ಸಲ ಇಂಗ್ಲಿಷಿಗೆ ಬಂದಿದೆ: ಊಟದ ತಟ್ಟೆ ‘ಡಿಶ್’, ಜಗಲಿಯಂತಹ ವೇದಿಕೆ ‘ಡೇಯಸ್’, ಬರೆಯುವ ಮೇಜು ‘ಡೆಸ್ಕ್’, ಬಿಲ್ಲೆ ‘ಡಿಸ್ಕ್’, ಆಟಗಾರ ಎಸೆಯುವ ‘ಡಿಸ್ಕಸ್’. ಒಂದೇ ಮನೆಗೆ ಐದು ವೇಷಗಳಲ್ಲಿ ಬಂದ ಒಬ್ಬನೇ ನೆಂಟ.

ಎರಡನೆಯ ಪದರ ಕ್ರೈಸ್ತ ಮಠಗಳದು. 597ರಲ್ಲಿ ಅಗಸ್ಟೀನ್ ಕ್ಯಾಂಟರ್ಬರಿಗೆ ಬಂದ ನಂತರ ‘ಕ್ಯಾಂಡಲ್’, ‘ಮಾಸ್’, ‘ಸ್ಕೂಲ್’ ಮುಂತಾದ ಪದಗಳು ನೆಲೆಯೂರಿದವು. ‘ನೂನ್’ ಎಂಬುದು ಲ್ಯಾಟಿನ್ನಿನ ‘ನೋನಾ’, ಎಂದರೆ ಒಂಬತ್ತನೆಯ ಗಳಿಗೆ. ಸೂರ್ಯೋದಯದಿಂದ ಎಣಿಸಿದರೆ ಅಪರಾಹ್ನ ಮೂರು. ಆ ಹೊತ್ತಿನ ಪ್ರಾರ್ಥನೆ ಕ್ರಮೇಣ ನಡುಹಗಲಿಗೆ ಸರಿಯಿತು, ಪದದ ಅರ್ಥವೂ ಅದರ ಹಿಂದೆಯೇ ನಡೆಯಿತು.

ಆದರೆ ಈ ಘಟ್ಟದಲ್ಲಿ ಬಂದ ಪದಗಳಿಗಿಂತ ಬಾರದೆ ಉಳಿದ ಪದಗಳು ಹೆಚ್ಚು ಮುಖ್ಯ. ಹಳೆಯ ಇಂಗ್ಲಿಷ್ ಹೊಸ ಧರ್ಮದ, ಹೊಸ ಶಾಸ್ತ್ರದ ಪರಿಕಲ್ಪನೆಗಳಿಗೆ ತನ್ನದೇ ಧಾತುಗಳಿಂದ ಪದಗಳನ್ನು ಕಟ್ಟಿಕೊಂಡಿತು. ಶುಭವಾರ್ತೆಗೆ ‘ಗೋಡ್‌ಸ್ಪೆಲ್’ ಎಂದಿತು. ಇಂದಿನ ‘ಗಾಸ್ಪೆಲ್’ ಅದೇ. ಯೇಸುವಿನ ಶಿಷ್ಯನನ್ನು ‘ಲಿಯೊರ್ನಿಂಗ್‌ಕ್ನಿಹ್ಟ್’, ಅಂದರೆ ಕಲಿಕೆಯ ಹುಡುಗ ಎಂದಿತು. ಖಗೋಳಶಾಸ್ತ್ರಕ್ಕೆ ‘ತುಂಗೊಲ್‌ಕ್ರಾಫ್ಟ್’ ಎಂಬ ಹೆಸರಿತ್ತು; ‘ತುಂಗೊಲ್’ ಎಂದರೆ ನಕ್ಷತ್ರ. 9ನೆಯ ಶತಮಾನದ ಕೊನೆಯಲ್ಲಿ ದೊರೆ ಆಲ್ಫ್ರೆಡ್ ಲ್ಯಾಟಿನ್ ವಿದ್ಯೆಯ ಕುಸಿತವನ್ನು ಕಂಡು, ಎಲ್ಲರೂ ಅರಿಯಲೇಬೇಕಾದ ಗ್ರಂಥಗಳನ್ನು ಇಂಗ್ಲಿಷಿಗೆ ತರುವ ಕಾರ್ಯವನ್ನು ಕೈಗೊಂಡ. ಅಷ್ಟು ಹಿಂದೆಯೇ ಗದ್ಯದಲ್ಲಿ ಶಾಸ್ತ್ರ, ಕಾನೂನು, ಇತಿಹಾಸಗಳನ್ನು ಬರೆಯಬಲ್ಲ ದೇಶಭಾಷೆ ಪಶ್ಚಿಮ ಯುರೋಪಿನಲ್ಲಿ ವಿರಳ. ಇಂಗ್ಲಿಷ್ ಮೂಲತಃ ಬಡವಾದ ಭಾಷೆ, ಸಾಲವೇ ಅದನ್ನು ಶ್ರೀಮಂತಗೊಳಿಸಿತು ಎನ್ನುವವರು ಈ ಅಧ್ಯಾಯವನ್ನು ಓದಿಲ್ಲವೆಂದೇ ತೋರುತ್ತದೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಭೂಮಿ, ಮಠ, ನ್ಯಾಯಸ್ಥಾನಗಳ ಯಜಮಾನಿಕೆ ಫ್ರೆಂಚ್ ನುಡಿಯುವವರ ಕೈಸೇರಿತು. ದೇಶದ ಜಮೀನನ್ನೆಲ್ಲ ಲೆಕ್ಕ ಹಾಕಿದ 1086ರ ‘ಡೂಮ್ಸ್‌ಡೇ’ ಪುಸ್ತಕ ಲ್ಯಾಟಿನ್ನಿನಲ್ಲಿದೆ. ಬರೆಹಕ್ಕೆ ಲ್ಯಾಟಿನ್, ದೊರೆತನಕ್ಕೆ ಫ್ರೆಂಚ್, ಹೊಲಮನೆಗೆ ಇಂಗ್ಲಿಷ್ ಎಂಬ ಮೂರು ಅಂತಸ್ತುಗಳು ಸುಮಾರು ಮುನ್ನೂರು ವರ್ಷ ನಿಂತವು. ಆಗ ಅಳಿದದ್ದು ಇಂಗ್ಲಿಷಿನ ಮಾತಲ್ಲ, ಅದರ ವಿದ್ಯೆ. ‘ತುಂಗೊಲ್‌ಕ್ರಾಫ್ಟ್’ ಅನ್ನು ಕಲಿಸುವ ಮಠವಿಲ್ಲದಾಗ ಆ ಪದವನ್ನು ಆಡುವ ಬಾಯಿಯೂ ಇಲ್ಲವಾಯಿತು. ಮುಂದೆ ಶಾಸ್ತ್ರಕ್ಕೆ ಪದ ಬೇಕಾದಾಗ ಲ್ಯಾಟಿನ್, ಫ್ರೆಂಚುಗಳಿಂದ ತರುವುದು ಅನಿವಾರ್ಯವಾಯಿತು. ಮಧ್ಯಯುಗದಲ್ಲಿ ಬಂದ ಫ್ರೆಂಚ್ ಪದಗಳನ್ನು ಭಾಷಾಚರಿತ್ರಕಾರರು ಸುಮಾರು 10,000 ಎಂದು ಅಂದಾಜಿಸುತ್ತಾರೆ; ಅವುಗಳಲ್ಲಿ ಬಹುತೇಕ ಪದಗಳ ಬೇರು ಲ್ಯಾಟಿನ್. ಸಾಲದ ಈ ರಾಶಿಯ ಅಡಿಯಲ್ಲಿ ಒಂದು ನಷ್ಟ ಹೂತುಹೋಗಿದೆ.

ಈ ಅಂತಸ್ತುಗಳನ್ನು ವಿವರಿಸಲು ಎಲ್ಲರೂ ಹೇಳುವ ಉದಾಹರಣೆ ಮಾಂಸದ್ದು. ದನ ಕಾಯುವವನಿಗೆ ‘ಕೌ’, ಉಣ್ಣುವ ಒಡೆಯನಿಗೆ ‘ಬೀಫ್’; ಹಟ್ಟಿಯಲ್ಲಿ ‘ಶೀಪ್’, ತಟ್ಟೆಯಲ್ಲಿ ‘ಮಟನ್’. ‘ಬೀಫ್’ ಲ್ಯಾಟಿನ್ನಿನ ‘ಬೋಸ್’ನಿಂದ, ‘ಪೋರ್ಕ್’ ‘ಪೋರ್ಕುಸ್’ನಿಂದ ಬಂದವು. ಇದನ್ನು ಜನಪ್ರಿಯಗೊಳಿಸಿದ್ದು ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ ಕಾದಂಬರಿಯ ವಿದೂಷಕ. ಮಾತು ಚೆನ್ನಾಗಿದೆ, ಆದರೆ ಚರಿತ್ರೆ ಅಷ್ಟು ಅಚ್ಚುಕಟ್ಟಾಗಿಲ್ಲ. ಈ ಫ್ರೆಂಚ್ ಪದಗಳು ಬಹುಕಾಲ ಬದುಕಿರುವ ಪ್ರಾಣಿಗೂ ಸಲ್ಲುತ್ತಿದ್ದವು. ಶೇಕ್ಸ್‌ಪಿಯರನ ಶೈಲಾಕ್ ಕೂಡ ‘ಮಟನ್’, ‘ಬೀಫ್’ ಎಂಬುದನ್ನು ಪ್ರಾಣಿಗಳ ಹೆಸರಾಗಿಯೇ ಬಳಸುತ್ತಾನೆ. ಹಟ್ಟಿ ಮತ್ತು ತಟ್ಟೆಗಳ ಖಚಿತ ವಿಭಜನೆ ತಡವಾಗಿ ನೆಲೆಗೊಂಡದ್ದು.

ನ್ಯಾಯಸ್ಥಾನದ ಪದಗಳು ಇದಕ್ಕಿಂತ ಗಟ್ಟಿಯಾದ ಸಾಕ್ಷಿ. ಕದಿಯುವ ಕೃತ್ಯ ‘ಸ್ಟೀಲ್’, ಕದ್ದವನು ‘ಥೀಫ್’, ಎರಡೂ ದೇಶ್ಯ. ಆದರೆ ಅವನ ಮೇಲಿನ ಆರೋಪ ‘ಲಾರ್ಸೆನಿ’, ಅವನನ್ನು ನಿಲ್ಲಿಸುವ ಸ್ಥಳ ‘ಕೋರ್ಟ್’, ಕೇಳುವವನು ‘ಜಡ್ಜ್’, ತೀರ್ಮಾನಿಸುವವರು ‘ಜ್ಯೂರಿ’. ಇವೆಲ್ಲ ಲ್ಯಾಟಿನ್ ಬೇರಿನವು. ತಪ್ಪು ಮಾಡುವುದು ಒಂದು ಭಾಷೆಯಲ್ಲಿ, ಶಿಕ್ಷೆ ಅನುಭವಿಸುವುದು ಇನ್ನೊಂದರಲ್ಲಿ. ‘ಕೋರ್ಟ್’ನ ಮೂಲ ‘ಕೊಹೋರ್ಸ್’ ಎಂದರೆ ಬೇಲಿ ಕಟ್ಟಿದ ಅಂಗಳ. ದಸ್ತಾವೇಜುಗಳಲ್ಲಿ ಒಂದೇ ಅರ್ಥದ ದೇಶ್ಯ ಪದವನ್ನೂ ಪರಭಾಷಾ ಪದವನ್ನೂ ಜೋಡಿಸುವ ರೂಢಿಯೂ ಬೆಳೆಯಿತು: ‘ವಿಲ್ ಅಂಡ್ ಟೆಸ್ಟಮೆಂಟ್’, ‘ಗೂಡ್ಸ್ ಅಂಡ್ ಚಾಟಲ್ಸ್’. ನಮ್ಮ ಕ್ರಯಪತ್ರಗಳ ‘ಹಕ್ಕುಬಾಧ್ಯತೆ’ಯಲ್ಲಿ ಅರಬ್ಬಿ ಮತ್ತು ಸಂಸ್ಕೃತ ಹೀಗೆಯೇ ಹೆಗಲುಕೂಡಿಸಿ ನಿಂತಿವೆ.

ಶಾಲೆಯ ಸ್ಥಿತಿ ಏನಾಗಿತ್ತು? 14ನೆಯ ಶತಮಾನದಲ್ಲಿ ಚೆಸ್ಟರಿನ ಸನ್ಯಾಸಿ ರಾನುಲ್ಫ್ ಹಿಗ್ಡನ್ ತನ್ನ ಲ್ಯಾಟಿನ್ ಲೋಕಚರಿತ್ರೆ ‘ಪಾಲಿಕ್ರಾನಿಕನ್’ನಲ್ಲಿ ಒಂದು ದೂರನ್ನು ದಾಖಲಿಸಿದ್ದಾನೆ. ಬೇರೆ ಜನಾಂಗಗಳ ರೂಢಿಗೆ ವಿರುದ್ಧವಾಗಿ ಇಲ್ಲಿನ ಮಕ್ಕಳು ತಮ್ಮ ನುಡಿಯನ್ನು ಬಿಟ್ಟು ಫ್ರೆಂಚಿನಲ್ಲಿ ಪಾಠವನ್ನು ಬಿಡಿಸಿ ಹೇಳಬೇಕಾಗಿದೆ; ಕುಲೀನರ ಮಕ್ಕಳಿಗೆ ತೊಟ್ಟಿಲಿನಿಂದಲೇ ಫ್ರೆಂಚ್ ಕಲಿಸುತ್ತಾರೆ; ಹಳ್ಳಿಗರು ಕುಲೀನರಂತೆ ಕಾಣಿಸಿಕೊಳ್ಳಲು ಕಷ್ಟಪಟ್ಟು ಫ್ರೆಂಚ್ ಆಡುತ್ತಾರೆ ಎಂಬುದು ಅದರ ಸಾರ. ಗಡಿನಾಡಿನ ಓದುಗರಿಗೆ ಇದನ್ನು ವ್ಯಾಖ್ಯಾನಿಸಬೇಕಾಗಿಲ್ಲ. ಈ ಗ್ರಂಥವನ್ನು 1387ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಮುಗಿಸಿದ ಜಾನ್ ಟ್ರೆವಿಸಾ ಅದೇ ಜಾಗದಲ್ಲಿ ತನ್ನ ಟಿಪ್ಪಣಿಯೊಂದನ್ನು ಸೇರಿಸುತ್ತಾನೆ. ಮಹಾಮಾರಿಯ ನಂತರ ಸ್ಥಿತಿ ಬದಲಾಗಿದೆ. ಜಾನ್ ಕಾರ್ನ್‌ವಾಲ್ ಎಂಬ ಉಪಾಧ್ಯಾಯನು ಪಾಠದ ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಿದ, ರಿಚರ್ಡ್ ಪೆನ್‌ಕ್ರಿಚ್ ಅವನಿಂದ ಕಲಿತ, ಉಳಿದವರು ಪೆನ್‌ಕ್ರಿಚ್‌ನಿಂದ ಕಲಿತರು. 1385ರ ಹೊತ್ತಿಗೆ ಎಲ್ಲ ವ್ಯಾಕರಣಶಾಲೆಗಳಲ್ಲಿಯೂ ಇಂಗ್ಲಿಷೇ ನಡೆಯುತ್ತಿದೆ ಎನ್ನುತ್ತಾನೆ. ಲಾಭವೆಂದರೆ ಮಕ್ಕಳು ಬೇಗ ಕಲಿಯುತ್ತಾರೆ. ನಷ್ಟವೆಂದರೆ ಅವರಿಗೆ ಬರುವ ಫ್ರೆಂಚ್ ಅವರ ಎಡಗಾಲಿನ ಹಿಮ್ಮಡಿಗೆ ಬರುವಷ್ಟೇ! ಒಂದು ಭಾಷೆಯ ಪುನರುತ್ಥಾನದ ಚರಿತ್ರೆಯಲ್ಲಿ ಇಬ್ಬರು ಶಾಲಾ ಮೇಷ್ಟ್ರುಗಳ ಹೆಸರು ಹೀಗೆ ಉಳಿದುಬಂದಿರುವುದು ಅಪರೂಪ.

1362ರ ಶಾಸನವೊಂದು ನ್ಯಾಯಸ್ಥಾನಗಳಲ್ಲಿ ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ವಿಧಿಸಿತು. ಫ್ರೆಂಚ್ ಜನರಿಗೆ ತಿಳಿಯದು, ತಮ್ಮ ಪರವಾಗಿ ಅಥವಾ ವಿರುದ್ಧವಾಗಿ ಏನು ಹೇಳುತ್ತಿದ್ದಾರೆಂಬುದೇ ಕಕ್ಷಿಗಾರರಿಗೆ ಅರ್ಥವಾಗದು ಎಂಬುದು ಅದು ಕೊಟ್ಟ ಕಾರಣ. ವಿಪರ್ಯಾಸವೆಂದರೆ ಆ ಶಾಸನ ರಚಿತವಾದದ್ದು ಫ್ರೆಂಚಿನಲ್ಲಿ. ಕಡತ ಲ್ಯಾಟಿನ್ನಿನಲ್ಲಿರಬೇಕೆಂದೂ ಅದೇ ವಿಧಿಸಿತು. ಆಡಲು ಅನುಮತಿ ಸಿಕ್ಕಿತು, ಬರೆಯಲು ಸಿಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಗ್ಲಿಷ್ ಉಳಿದದ್ದು ಉದಾರವಾಗಿ ಸಾಲ ಪಡೆದದ್ದರಿಂದಲ್ಲ. ಅದನ್ನಾಡುವವರು ದೇಶದ ಬಹುಸಂಖ್ಯಾತರಾಗಿದ್ದರು. 1204ರಲ್ಲಿ ನಾರ್ಮಂಡಿ ಕೈತಪ್ಪಿದ ಮೇಲೆ ಒಡೆಯರಿಗೆ ಸಮುದ್ರದಾಚೆಯ ಆಸರೆ ಸಡಿಲಗೊಂಡಿತು. 1337ರಲ್ಲಿ ಆರಂಭವಾದ ದೀರ್ಘ ಯುದ್ಧದಲ್ಲಿ ಫ್ರೆಂಚ್ ಶತ್ರುವಿನ ಭಾಷೆಯಾಯಿತು. ರಾಜ್ಯವೊಂದರ ಅಂಚಿನಲ್ಲಿ ಅಲ್ಪಸಂಖ್ಯಾತರಾಗಿರುವವರಿಗೆ ಇವುಗಳಲ್ಲಿ ಯಾವುದೂ ಇರುವುದಿಲ್ಲ. ಅಂಥವರ ಗತಿಯನ್ನು ತಿಳಿಯಲು ಟ್ರೆವಿಸಾನ ಹುಟ್ಟೂರಿನ ಕಡೆಗೆ ನೋಡಬೇಕು. ಅವನು ಕಾರ್ನ್‌ವಾಲ್ ಸೀಮೆಯವನೆಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ಆಗ ಕಾರ್ನಿಶ್ ಎಂಬ ಕೆಲ್ಟಿಕ್ ಭಾಷೆ ಜೀವಂತವಾಗಿತ್ತು. 1549ರಲ್ಲಿ ಸರ್ಕಾರವು ಲ್ಯಾಟಿನ್ ಪೂಜಾವಿಧಿಯನ್ನು ನಿಲ್ಲಿಸಿ ಇಂಗ್ಲಿಷ್ ಪ್ರಾರ್ಥನಾಗ್ರಂಥವನ್ನು ಹೇರಿದಾಗ ಆ ಸೀಮೆ ದಂಗೆಯೆದ್ದಿತು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯುವುದೇ ಇಲ್ಲವೆಂದು ಅವರು ತಮ್ಮ ಬೇಡಿಕೆಪತ್ರದಲ್ಲಿ ಬರೆದರು, ಹಳೆಯ ಲ್ಯಾಟಿನ್ ವಿಧಿಯನ್ನೇ ಮರಳಿ ಕೇಳಿದರು. ದಂಗೆಯನ್ನು ರಕ್ತಪಾತದಿಂದ ಅಡಗಿಸಲಾಯಿತು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಕಾರ್ನಿಶ್ ಜನರ ಆಡುನುಡಿಯಾಗಿ ಅಳಿಯಿತು. ಅದರ ಪುನರುಜ್ಜೀವನದ ಯತ್ನ ಇಪ್ಪತ್ತನೆಯ ಶತಮಾನದ್ದು. ವೇಲ್ಸ್‌ನ ನ್ಯಾಯಸ್ಥಾನಗಳಿಗೆ ಇಂಗ್ಲಿಷೇ ಭಾಷೆಯೆಂದು 1536ರಲ್ಲಿಯೇ ವಿಧಿಸಲಾಗಿತ್ತು. ಮುನ್ನೂರು ವರ್ಷ ಕಚೇರಿಯ ಹೊರಗೆ ನಿಂತಿದ್ದ ಭಾಷೆ, ಒಳಗೆ ಹೋದೊಡನೆ ಬಾಗಿಲು ಹಾಕಿಕೊಂಡಿತು.

16ನೆಯ ಶತಮಾನದಲ್ಲಿ ಮೂರನೆಯ ಪದರ ಬಂದಿತು. ಈ ಬಾರಿ ತಂದವರು ಸೈನಿಕರೂ ಅಲ್ಲ, ಒಡೆಯರೂ ಅಲ್ಲ. ಇಂಗ್ಲಿಷ್ ವಿದ್ವಾಂಸರೇ ಪುಸ್ತಕಗಳಿಂದ ನೇರವಾಗಿ ಲ್ಯಾಟಿನ್ ತತ್ಸಮಗಳನ್ನು ಸುರಿದರು. ಇವುಗಳನ್ನು ವಿರೋಧಿಗಳು ‘ಮಸಿಕುಡಿಕೆಯ ಪದಗಳು’ ಎಂದು ಹಂಗಿಸಿದರು. ಥಾಮಸ್ ವಿಲ್ಸನ್ 1553ರ ತನ್ನ ಅಲಂಕಾರಗ್ರಂಥದಲ್ಲಿ ಇಂಥ ಪದಗಳನ್ನೇ ಪೋಣಿಸಿದ ಒಂದು ಅಣಕು ಪತ್ರವನ್ನು ಅಚ್ಚುಹಾಕಿದ. ಅವನು ನಗೆಗೆಂದು ಆರಿಸಿದ ‘ಸೆಲೆಬ್ರೇಟ್’, ‘ಎಕ್ಸ್‌ಟಾಲ್’, ‘ಡೆಕ್ಸ್‌ಟೆರಿಟಿ’ ಇಂದು ಯಾರ ಕಿವಿಗೂ ವಿಚಿತ್ರವಲ್ಲ. ಅದೇ ಪತ್ರದ ‘ಇಂಜೆಂಟ್’ ಹೇಳಹೆಸರಿಲ್ಲದೆ ಹೋಯಿತು. ಯಾವ ಪದ ನಿಲ್ಲುತ್ತದೆ ಎಂಬುದನ್ನು ಆ ಕಾಲದ ಪಂಡಿತರು ಊಹಿಸಲಾರರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕೇಂಬ್ರಿಜಿನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಜಾನ್ ಚೀಕ್ ಇನ್ನೂ ಮುಂದೆ ಹೋದ. 1557ರಲ್ಲಿ ಥಾಮಸ್ ಹೋಬಿಗೆ ಬರೆದ ಪತ್ರದಲ್ಲಿ ಇಂಗ್ಲಿಷನ್ನು ಪರಭಾಷೆಯ ಬೆರಕೆಯಿಲ್ಲದೆ ಶುದ್ಧವಾಗಿ ಬರೆಯಬೇಕೆಂದ. ಶುದ್ಧ ಎನ್ನಲು ಅವನು ಬಳಸಿದ ‘ಪ್ಯೂರ್’ ಎಂಬುದೇ ಲ್ಯಾಟಿನ್ನಿನ ‘ಪೂರುಸ್’. ಬೈಬಲ್ ಭಾಗವೊಂದನ್ನು ಅನುವಾದಿಸುವಾಗ ‘ಸೆಂಚೂರಿಯನ್’ಗೆ ‘ಹಂಡ್ರೆಡರ್’, ‘ಲೂನಾಟಿಕ್’ಗೆ ‘ಮೂನ್ಡ್’, ‘ರೆಸರೆಕ್ಷನ್’ಗೆ ‘ಗೇನ್‌ರೈಸಿಂಗ್’ ಎಂದು ಪ್ರಯೋಗಿಸಿದ. ರಾಲ್ಫ್ ಲೀವರ್ 1573ರ ತರ್ಕಗ್ರಂಥದಲ್ಲಿ ‘ಡೆಫಿನಿಷನ್’ಗೆ ‘ಸೇವಾಟ್’, ‘ಕನ್‌ಕ್ಲೂಷನ್’ಗೆ ‘ಎಂಡ್‌ಸೇ’ ಎಂದ. ನಮ್ಮಲ್ಲಿ ಮೂರು ಶತಮಾನಗಳ ಮೊದಲೇ ಆಂಡಯ್ಯನು ತತ್ಸಮಗಳನ್ನು ದೂರವಿಟ್ಟು, ದೇಶ್ಯ ಮತ್ತು ತದ್ಭವಗಳಲ್ಲಿ ‘ಕಬ್ಬಿಗರ ಕಾವ’ವನ್ನು ರಚಿಸಿದ್ದ. ಇಬ್ಬರ ಯತ್ನವೂ ಅನುಯಾಯಿಗಳನ್ನು ಪಡೆಯಲಿಲ್ಲ. ಆದರೂ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಆಂಡಯ್ಯನ ಪದಗಳು ಜನರ ಬಾಯಲ್ಲಿ ಆಗಲೇ ಇದ್ದವು. ಚೀಕ್ ಮತ್ತು ಲೀವರರದು ಬಹುಮಟ್ಟಿಗೆ ಹೊಸದಾಗಿ ಕಟ್ಟಿದವು. ಅವರು ಕಟ್ಟಲು ಹೊರಟದ್ದು ‘ಲಿಯೊರ್ನಿಂಗ್‌ಕ್ನಿಹ್ಟ್’ ಬಗೆಯ ಪದಗಳನ್ನೇ. ಐದು ಶತಮಾನಗಳ ಹಿಂದೆ ಅದು ಸಹಜವಾಗಿತ್ತು, ಈಗ ನಗೆಪಾಟಲಾಯಿತು. ನಡುವೆ ಮುರಿದ ಪರಂಪರೆಯನ್ನು ಒಬ್ಬಿಬ್ಬರ ಛಲ ಮರಳಿ ಜೋಡಿಸಲಾರದು.

ಈ ಕಾಲದ ವಿದ್ವತ್ತು ಕಾಗುಣಿತದ ಮೇಲೂ ಕೈಯಾಡಿಸಿತು. ಫ್ರೆಂಚಿನಿಂದ ಬಂದ ‘ಡೆಟ್’, ‘ಡೌಟ್’ ಎಂಬ ಪದಗಳಲ್ಲಿ ಬಕಾರವೇ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿತುಮ್’, ‘ದುಬಿತಾರೆ’ಗಳ ನೆನಪಿಗಾಗಿ ಬರೆಹದಲ್ಲಿ ‘ಬಿ’ ಅಕ್ಷರವನ್ನು ಸೇರಿಸಿದರು; ನಾಲಿಗೆ ಒಪ್ಪಲಿಲ್ಲ. ಶೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದ ಪಂಡಿತ ಹಾಲೋಫರ್ನೀಸ್, ಆ ಅಕ್ಷರವನ್ನು ಉಚ್ಚರಿಸದವರ ಮೇಲೆ ಹರಿಹಾಯುತ್ತಾನೆ. ‘ಐಲೆಂಡ್’ನ ಕಥೆ ಇನ್ನೂ ಮೋಜಿನದು. ಅದು ಅಚ್ಚ ಜರ್ಮ್ಯಾನಿಕ್ ಪದ, ಹಳೆಯ ರೂಪ ‘ಈಗ್‌ಲಾಂಡ್’. ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಬಂದ ‘ಐಲ್’ನ ನಂಟೆಂದು ಭ್ರಮಿಸಿ ಅದರೊಳಗೂ ಒಂದು ‘ಎಸ್’ ತುರುಕಿದರು. ಸುಳ್ಳು ವಂಶಾವಳಿ ಮನುಷ್ಯರಿಗಷ್ಟೇ ಅಲ್ಲ, ಪದಗಳಿಗೂ ಇರುತ್ತದೆ.

ನಮ್ಮ ಕಡೆಯೂ ಇಂಥ ಭ್ರಮೆಗೆ ಅವಕಾಶವಿದೆ. ‘ರಸೀದಿ’ ಇಂಗ್ಲಿಷಿನ ‘ರಿಸೀಟ್’ನ ತದ್ಭವದಂತೆ ಕೇಳಿಸುತ್ತದೆ, ಆದರೆ ಅದು ತಲುಪುವುದು ಎಂಬ ಅರ್ಥದ ಪಾರಸಿ ಧಾತುವಿನದು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರು ಬೀಗದ ಕೈಗೆ ಹೇಳುವ ‘ಚಾವಿ’ಯಾದರೋ ನಿಜವಾಗಿಯೂ ಲ್ಯಾಟಿನ್ ವಂಶದ್ದು: ‘ಕ್ಲಾವಿಸ್’ ಪೋರ್ಚುಗೀಸರಲ್ಲಿ ‘ಶಾವೆ’ಯಾಗಿ ಈ ನೆಲಕ್ಕೆ ಬಂದಿತು. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಮೊದಲಿಗೆ ಬರೆಯುವ ‘ಕ್ಲೆಫ್’ ಚಿಹ್ನೆಯೂ ಅದೇ ‘ಕ್ಲಾವಿಸ್’. ಇಂಗ್ಲಿಷಿನ ಹಂಗಿಲ್ಲದೆ ಗೋವೆಯ ದಾರಿಯಾಗಿ ನಮ್ಮನ್ನು ತಲುಪಿದ ಲ್ಯಾಟಿನ್ ಇದು. ‘ಪಾದ್ರಿ’ಯೂ ಇದೇ ದಾರಿಯಲ್ಲಿ ಬಂದವನು.

ಕಡತದ ಭಾಷೆಯ ಪ್ರಶ್ನೆ ಇಂಗ್ಲೆಂಡಿನಲ್ಲಿ 1362ಕ್ಕೆ ತೀರಲಿಲ್ಲವೆಂದು ಮೇಲೆ ಹೇಳಿದೆ. ಕ್ರಾಮ್‌ವೆಲ್ಲನ ಕಾಲದಲ್ಲಿ, 1650ರಲ್ಲಿ, ಇಂಗ್ಲಿಷ್ ಕಡತಕ್ಕೆ ಆದೇಶವಾಯಿತು. ರಾಜಪ್ರಭುತ್ವ ಮರಳಿದೊಡನೆ ಅದು ರದ್ದಾಯಿತು. ಕೊನೆಗೆ 1731ರಲ್ಲಿ ಸಂಸತ್ತು ಅಂಗೀಕರಿಸಿ 1733ರಲ್ಲಿ ಜಾರಿಗೆ ಬಂದ ಕಾಯಿದೆಯೊಂದು ನ್ಯಾಯಸ್ಥಾನದ ಕಡತಗಳಿಂದ ಲ್ಯಾಟಿನ್ನನ್ನೂ ಕಾನೂನು ಫ್ರೆಂಚನ್ನೂ ಹೊರಗಿಟ್ಟಿತು. ನಾರ್ಮನ್ ವಿಜಯದಿಂದ ಎಣಿಸಿದರೆ ಆರೂವರೆ ಶತಮಾನಗಳಿಗೂ ಮೀರಿ ಹಿಡಿಯಿತು. ಆದರೂ ಕೆಲವು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿಗೆ ತಿರುಗಿಸಿದರೆ ಹಾಸ್ಯಾಸ್ಪದವಾಗುವುದೆಂದು ಕಂಡುಬಂದು, ಅವು ರೂಢಿಯ ರೂಪದಲ್ಲಿಯೇ ಇರಲಿ ಎಂದು ಇನ್ನೊಂದು ಕಾಯಿದೆ ಮಾಡಬೇಕಾಯಿತು. ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟೋನ್ ಈ ಬದಲಾವಣೆಯನ್ನು ಅಸಮಾಧಾನದಿಂದಲೇ ವಿವರಿಸಿದ್ದಾನೆ.

ಹಾಗೆ ಉಳಿದುಕೊಂಡ ಪದಗಳಲ್ಲಿ ‘ಹೇಬಿಯಸ್ ಕಾರ್ಪಸ್’ ಒಂದು. ‘ದೇಹವನ್ನು ನೀನು ಹೊಂದಿರತಕ್ಕದ್ದು’ ಎಂಬುದು ಅದರ ಅಕ್ಷರಾರ್ಥ. ಬಂಧಿಯನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸು ಎಂಬ ಆಜ್ಞೆ. ‘ಮ್ಯಾಂಡಮಸ್’, ‘ಸರ್ಷಿಯೋರರೈ’, ‘ಕೋ ವಾರಂಟೋ’ಗಳೊಡನೆ ಅದು ಭಾರತ ಸಂವಿಧಾನದ 32ನೆಯ ವಿಧಿಯಲ್ಲಿ ಅದೇ ಲ್ಯಾಟಿನ್ ರೂಪದಲ್ಲಿ ಕುಳಿತಿದೆ. ಕಾಸರಗೋಡಿನ ಕನ್ನಡಿಗನೊಬ್ಬ ತನ್ನ ಬಂಧುವಿಗಾಗಿ ಈ ಅರ್ಜಿ ಸಲ್ಲಿಸಬೇಕಾದರೆ ಮನೆಯಲ್ಲಿ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಮಾತಾಡಿ, ಪೊಲೀಸ್ ಠಾಣೆಯಲ್ಲಿ ಮಲಯಾಳದಲ್ಲಿ ವಿಚಾರಿಸಿ, ಎರ್ನಾಕುಲಂನ ಉಚ್ಚ ನ್ಯಾಯಾಲಯಕ್ಕೆ ಇಂಗ್ಲಿಷಿನಲ್ಲಿ ಬರೆಸಬೇಕು. ಅರ್ಜಿಯ ನೆತ್ತಿಯ ಮೇಲಿನ ಎರಡು ಪದಗಳು ಮಾತ್ರ ಲ್ಯಾಟಿನ್.